ಎದುರಾಳಿಗೂ ಅದೇ ತಕ್ಕಡಿ

ಫುಟ್‌ಬಾಲ್ ಅಭಿಮಾನಿಯಷ್ಟು ಖಚಿತವಾದ ಅಭಿಪ್ರಾಯಗಳುಳ್ಳ ಮನುಷ್ಯರು ಲೋಕದಲ್ಲಿ ವಿರಳ. ತನ್ನ ತಂಡದ ಹತ್ತು ಮಂದಿ ಗೋಲಿನ ಮುಂದೆ ಗೋಡೆಯಂತೆ ನಿಂತು ಪಂದ್ಯವನ್ನು ಉಳಿಸಿಕೊಂಡರೆ ಅವನು ಅದನ್ನು ಶಿಸ್ತು ಎನ್ನುತ್ತಾನೆ, ಧೈರ್ಯ ಎನ್ನುತ್ತಾನೆ, ತ್ಯಾಗವೆಂದೂ ಕರೆಯುತ್ತಾನೆ. ಎದುರಾಳಿ ತಂಡ ಅದನ್ನೇ ಮಾಡಿದಾಗ ಅದು ಹೇಡಿತನವಾಗುತ್ತದೆ, ಆಟಕ್ಕೆ ಬಗೆದ ದ್ರೋಹವಾಗುತ್ತದೆ. ತನ್ನವನು ಬಿದ್ದರೆ ಫೌಲ್, ಎದುರಾಳಿ ಬಿದ್ದರೆ ನಟನೆ. ರೆಫರಿಯ ತೀರ್ಪು ತನ್ನ ಪರವಾಗಿದ್ದರೆ ನ್ಯಾಯ, ವಿರುದ್ಧವಾಗಿದ್ದರೆ ಪಿತೂರಿ. ಕ್ರಿಯೆ ಒಂದೇ ಆಗಿದ್ದರೂ ಅಂಗಿಯ ಬಣ್ಣ ಬದಲಾದೊಡನೆ ಅದರ ಹೆಸರು ಬದಲಾಗಿಬಿಡುತ್ತದೆ.

ಭಾನುವಾರದ ಪೂಜೆಯ ಬಳಿಕ ದೇವಾಲಯದ ಅಂಗಳದಲ್ಲಿ ನಿಂತು ಹಿಂದಿನ ರಾತ್ರಿಯ ಪಂದ್ಯವನ್ನು ಚರ್ಚಿಸುವ ತರುಣರಿಲ್ಲದ ಧರ್ಮಕೇಂದ್ರ ಇಂದು ಅಪರೂಪ. ದೂರದರ್ಶನದ ಪರದೆ ಯೂರೋಪಿನ ಕ್ರೀಡಾಂಗಣಗಳನ್ನು ನಮ್ಮ ಹಜಾರಗಳಿಗೇ ತಂದು ನಿಲ್ಲಿಸಿದೆ. ತಂದೆ ಒಂದು ತಂಡದ ಪರ, ಮಗ ಇನ್ನೊಂದು ತಂಡದ ಪರ ಎಂಬಂಥ ಮನೆಗಳೂ ಇವೆ. ನಾವೂ ಈ ಆಟದ ಪ್ರೇಮಿಗಳೇ. ಆದ್ದರಿಂದ ಅದನ್ನು ಹೀಗಳೆಯುವುದು ಈ ಲೇಖನದ ಉದ್ದೇಶವಲ್ಲ. ಎದುರಾಳಿಯನ್ನು ತೂಗುವಾಗ ನಾವು ಯಾವ ತಕ್ಕಡಿಯನ್ನು ಬಳಸುತ್ತೇವೆ ಎಂಬ ಒಂದೇ ಪ್ರಶ್ನೆಯನ್ನು ವಾಚಕರ ಮುಂದಿಡುವುದು ನಮ್ಮ ಉದ್ದೇಶ.

ಆಟದ ವಿಚಾರದಲ್ಲಿ ಇಷ್ಟೊಂದು ಗಂಭೀರ ಪ್ರಶ್ನೆ ಬೇಕೇ ಎಂದು ಯಾರಾದರೂ ಕೇಳಬಹುದು. ಸಂತ ಥಾಮಸ್ ಅಕ್ವಿನಾಸರು ತಮ್ಮ 'ಸುಮ್ಮಾ ಥಿಯೊಲಾಜಿಯೆ' ಎಂಬ ಮಹಾಗ್ರಂಥದಲ್ಲಿ ಆಟಪಾಟಗಳಲ್ಲೂ ಸದ್ಗುಣಕ್ಕೆ ಸ್ಥಾನವಿದೆಯೇ ಎಂಬುದನ್ನು ಪ್ರತ್ಯೇಕವಾಗಿ ವಿಚಾರಿಸಿದ್ದಾರೆ. ಸದಾ ಬಿಗಿದಿಟ್ಟ ಬಿಲ್ಲು ಮುರಿಯುವಂತೆ ಸದಾ ದುಡಿಸಿದ ಮನಸ್ಸೂ ಮುರಿಯುತ್ತದೆ ಎಂಬ ಹಳೆಯ ದೃಷ್ಟಾಂತವನ್ನು ಅವರು ಅಲ್ಲಿ ನೆನೆಯುತ್ತಾರೆ. ಅರಿಸ್ಟಾಟಲನನ್ನು ಅನುಸರಿಸಿ, ಆಟದಲ್ಲಿ ಮಿತವರಿತು ನಡೆಯುವುದೂ ಒಂದು ಸದ್ಗುಣವೇ ಎಂದು ಅವರು ನಿರ್ಣಯಿಸುತ್ತಾರೆ. ಸದ್ಗುಣಕ್ಕೆ ಎಡೆಯಿರುವಲ್ಲಿ ದುರ್ಗುಣಕ್ಕೂ ಎಡೆಯಿರುತ್ತದೆ. ಆಟ ನಿರರ್ಥಕವಾಗಿದ್ದರೆ ಅಲ್ಲಿನ ಅನ್ಯಾಯವೂ ನಿರರ್ಥಕವಾಗುತ್ತಿತ್ತು. ಹಾಗಿಲ್ಲವೆಂಬುದಕ್ಕೆ ಸ್ಕಾಟ್‌ಲೆಂಡಿನ ಒಂದು ನಗರದ ಚರಿತ್ರೆಯೇ ಸಾಕ್ಷಿ.

ಗ್ಲ್ಯಾಸ್ಗೋ ನಗರದ ಎರಡು ಮನೆಗಳು

ಗ್ಲ್ಯಾಸ್ಗೋ ನಗರದ ರೇಂಜರ್ಸ್ ತಂಡ 1872ರಲ್ಲಿ ಹುಟ್ಟಿತು. ಅದರ ಪ್ರತಿಸ್ಪರ್ಧಿ ಸೆಲ್ಟಿಕ್ ಹುಟ್ಟಿದ್ದು ಒಂದು ಧರ್ಮಕೇಂದ್ರದ ಸಭಾಂಗಣದಲ್ಲಿ. 1887ರ ನವೆಂಬರ್ 6ರಂದು ಕಾಲ್ಟನ್ ಬಡಾವಣೆಯ ಸಂತ ಮರಿಯಳ ದೇವಾಲಯದ ಸಭಾಂಗಣದಲ್ಲಿ, ಐರ್ಲೆಂಡಿನಿಂದ ವಲಸೆ ಬಂದಿದ್ದ ಮಾರಿಸ್ಟ್ ಸಭೆಯ ಬ್ರದರ್ ವಾಲ್‌ಫ್ರಿಡ್ ಎಂಬವರ ಮುಂದಾಳುತನದಲ್ಲಿ ಈ ಸಂಘ ಸ್ಥಾಪಿತವಾಯಿತು. ನಗರದ ಪೂರ್ವ ಭಾಗದ ಬಡ ಐರಿಷ್ ಮಕ್ಕಳಿಗೆ ಒಂದು ಹೊತ್ತಿನ ಊಟ ಒದಗಿಸುವುದಕ್ಕೆ ಹಣ ಕೂಡಿಸುವುದೇ ಅದರ ಉದ್ದೇಶ. ಹಸಿದ ಮಗುವಿನ ತಟ್ಟೆಯಿಂದ ಹುಟ್ಟಿದ ಈ ಸಂಘದ ಮೇಲೆ ನಮಗೆ ಒಲವಿದೆ. ಅದನ್ನು ವಾಚಕರಿಂದ ಮರೆಮಾಚುವುದಿಲ್ಲ.

ಸೆಲ್ಟಿಕ್ ತನ್ನ ಮೊದಲ ಪಂದ್ಯವನ್ನು 1888ರ ಮೇ 28ರಂದು ರೇಂಜರ್ಸ್ ತಂಡದ ವಿರುದ್ಧವೇ ಆಡಿ 5-2ರಿಂದ ಗೆದ್ದಿತು. ಪಂದ್ಯ ಮುಗಿದ ಮೇಲೆ ಉಭಯ ತಂಡದವರೂ ಅದೇ ದೇವಾಲಯದ ಸಭಾಂಗಣಕ್ಕೆ ಹೋಗಿ ಒಟ್ಟಿಗೆ ರಾತ್ರಿಯೂಟ ಮಾಡಿದರು. ಈ ಪೈಪೋಟಿಯ ಮೂಲದಲ್ಲಿ ಇದ್ದದ್ದು ಸಹಭೋಜನ. ಮುಂದಿನ ದಶಕಗಳಲ್ಲಿ ಒಂದು ತಂಡ ಕಥೋಲಿಕರದೆಂದೂ ಇನ್ನೊಂದು ಪ್ರೊಟೆಸ್ಟೆಂಟರದೆಂದೂ ಹಂಚಿಕೆಯಾಯಿತು. ನೌಕರಿ, ವಸತಿ, ಐರ್ಲೆಂಡಿನ ರಾಜಕೀಯ ಇವುಗಳ ಕಹಿಯೆಲ್ಲ ತೊಂಬತ್ತು ನಿಮಿಷಗಳ ಆಟದೊಳಕ್ಕೆ ಹರಿದು ಬಂತು. ಮೈದಾನದ ಹಾಡುಗಳಲ್ಲಿ ಚೆಂಡಿನ ವಿಷಯ ಹಿಂದೆ ಸರಿದು ಪರಸ್ಪರರ ವಿಶ್ವಾಸದ ನಿಂದೆ ಮುಂದೆ ಬಂತು.

ಅಗುಳಿಯ ಆಟ

ಮೊದಲು ರಕ್ಷಣಾತ್ಮಕ ಆಟದ ವಿಚಾರ. ಇದರ ಬಗ್ಗೆ ಅಭಿಮಾನಿಗಳು ಕೊಡುವಷ್ಟು ಕಠೋರ ತೀರ್ಪನ್ನು ಬೇರೆ ಯಾವುದರ ಬಗ್ಗೆಯೂ ಕೊಡುವುದಿಲ್ಲ. ಇಟಲಿಯ ಭಾಷೆಯಲ್ಲಿ 'ಕತೆನಾಚ್ಚೊ' ಎಂದರೆ ಬಾಗಿಲ ಅಗುಳಿ. ಸ್ವಿಟ್ಜರ್ಲೆಂಡಿನಲ್ಲಿ 1930ರ ದಶಕದಲ್ಲಿ ಕಾರ್ಲ್ ರಾಪನ್ ರೂಪಿಸಿದ ತಂತ್ರವೊಂದು ಇಟಲಿಯಲ್ಲಿ ಬೆಳೆದು ಈ ಹೆಸರು ಪಡೆಯಿತು. ರಕ್ಷಣಾ ಆಟಗಾರರ ಸಾಲಿನ ಹಿಂದೆ ಇನ್ನೊಬ್ಬನನ್ನು ಸ್ವತಂತ್ರವಾಗಿ ನಿಲ್ಲಿಸುವುದು, ಸಾಲನ್ನು ದಾಟಿ ಬಂದ ಚೆಂಡನ್ನು ಅವನು ಗುಡಿಸಿ ಹಾಕುವುದು, ಎದುರಾಳಿ ಮುಂದೆ ನುಗ್ಗಿ ದಣಿದ ಕ್ಷಣದಲ್ಲಿ ಮಿಂಚಿನಂತೆ ಪ್ರತಿದಾಳಿ ಮಾಡುವುದು ಇದರ ಸಾರ. ಮಿಲಾನ್ ನಗರದ ಇಂಟರ್ ತಂಡ ತರಬೇತುದಾರ ಎಲೆನಿಯೊ ಎರೇರಾ ಅವರ ಮಾರ್ಗದರ್ಶನದಲ್ಲಿ ಈ ವಿಧಾನದಿಂದಲೇ 1964ರಲ್ಲೂ 1965ರಲ್ಲೂ ಯೂರೋಪಿಯನ್ ಕಪ್ಪನ್ನು ಗೆದ್ದುಕೊಂಡಿತು.

1967ರ ಮೇ 25ರಂದು ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿ ಈ ಅಗುಳಿಯ ತಂಡಕ್ಕೆ ಸೆಲ್ಟಿಕ್ ಎದುರಾಯಿತು. ಸೆಲ್ಟಿಕ್ ಆಟಗಾರರೆಲ್ಲರೂ ಗ್ಲ್ಯಾಸ್ಗೋ ನಗರದಿಂದ ಸುಮಾರು 30 ಮೈಲಿಯೊಳಗೆ ಹುಟ್ಟಿದವರು. ಏಳನೆಯ ನಿಮಿಷದಲ್ಲಿ ಸಾಂದ್ರೊ ಮಜ್ಜೋಲಾ ಪೆನಾಲ್ಟಿಯಿಂದ ಇಂಟರ್ ತಂಡಕ್ಕೆ ಗೋಲು ಗಳಿಸಿಕೊಟ್ಟರು. ತರುವಾಯ ಇಂಟರ್ ಬಾಗಿಲಿಗೆ ಅಗುಳಿ ಹಾಕಿತು. ಸೆಲ್ಟಿಕ್ ಅಲೆಯಲೆಯಾಗಿ ನುಗ್ಗಿತು. ಎರಡು ಬಾರಿ ಚೆಂಡು ಅಡ್ಡಪಟ್ಟಿಗೆ ಬಡಿದು ಹಿಂದಿರುಗಿತು. 63ನೆಯ ನಿಮಿಷದಲ್ಲಿ ಟಾಮಿ ಗೆಮ್ಮೆಲ್ ದೂರದಿಂದ ಹೊಡೆದ ಚೆಂಡು ಬಲೆಯನ್ನು ಸೇರಿತು. 84ನೆಯ ನಿಮಿಷದಲ್ಲಿ ಸ್ಟೀವ್ ಚಾಮರ್ಸ್ ಎರಡನೆಯ ಗೋಲು ಗಳಿಸಿದರು. ಯೂರೋಪಿಯನ್ ಕಪ್ ಗೆದ್ದ ಮೊದಲ ಬ್ರಿಟಿಷ್ ತಂಡವೆಂಬ ಕೀರ್ತಿ ಸೆಲ್ಟಿಕ್‌ಗೆ ದೊರೆಯಿತು. ಸದ್ಗುಣವು ದುರ್ಗುಣವನ್ನು ಜಯಿಸಿತೆಂಬಂತೆ ಅಭಿಮಾನಿಗಳು ಆ ಪಂದ್ಯದ ಕಥೆಯನ್ನು ಇಂದಿಗೂ ಹೇಳುತ್ತಾರೆ.

ಈಗ ಕಾಲವನ್ನು 45 ವರ್ಷ ಮುಂದಕ್ಕೆ ಸರಿಸೋಣ. 2012ರ ನವೆಂಬರ್ 7ರಂದು, ಸಂಘ ತನ್ನ 125 ವರ್ಷಗಳನ್ನು ಪೂರೈಸಿದ ಮರುದಿನ, ಅದೇ ಸೆಲ್ಟಿಕ್ ತನ್ನ ಸ್ವಂತ ಮೈದಾನದಲ್ಲಿ ಬಾರ್ಸಿಲೋನಾ ತಂಡವನ್ನು ಎದುರಿಸಿತು. ಪಂದ್ಯದ ಐದರಲ್ಲಿ ನಾಲ್ಕು ಭಾಗಕ್ಕೂ ಹೆಚ್ಚು ಹೊತ್ತು ಚೆಂಡು ಬಾರ್ಸಿಲೋನಾ ಆಟಗಾರರ ಕಾಲಿನಲ್ಲೇ ಇತ್ತು. ಸೆಲ್ಟಿಕ್ ತನ್ನ ಗೋಲಿನ ಮುಂದೆ ಕೋಟೆ ಕಟ್ಟಿಕೊಂಡು ನಿಂತಿತು. ಗೋಲ್‌ಕೀಪರ್ ಫ್ರೇಸರ್ ಫಾರ್ಸ್ಟರ್ ಚೆಂಡಿನ ಮೇಲೆ ಚೆಂಡನ್ನು ತಡೆದರು. ಸಿಕ್ಕಿದ ಒಂದೆರಡು ಅವಕಾಶಗಳಲ್ಲಿ ವಿಕ್ಟರ್ ವನ್ಯಾಮಾ ಮತ್ತು ಹದಿಹರೆಯದ ಟೋನಿ ವಾಟ್ ಗೋಲು ಹೊಡೆದು 2-1ರಿಂದ ತಂಡವನ್ನು ಗೆಲ್ಲಿಸಿದರು. ಲಿಸ್ಬನ್ನಿನಲ್ಲಿ ಅಗುಳಿಯನ್ನು ಮುರಿದವರು ಗ್ಲ್ಯಾಸ್ಗೋದಲ್ಲಿ ತಾವೇ ಅಗುಳಿ ಹಾಕಿದರು. ಅಭಿಮಾನಿಗಳು ಅದನ್ನು ವೀರಗಾಥೆಯೆಂದು ಕೊಂಡಾಡಿದರು.

ಆ ಕೊಂಡಾಟವನ್ನು ನಾವು ತಪ್ಪೆನ್ನುವುದಿಲ್ಲ. ಅಂದು ಸೆಲ್ಟಿಕ್ ಆಡಿದ್ದು ನಿಜಕ್ಕೂ ಧೀರವಾದ ಆಟ. ಆದರೆ ಅದು ಧೀರವಾಗಿದ್ದರೆ 1967ರ ಇಂಟರ್ ತಂಡವೂ ಹೇಡಿಯಲ್ಲ. ಇಂಟರ್ ತಂಡದಲ್ಲಿ ಎಡಭಾಗದ ರಕ್ಷಣೆಗೆ ನಿಂತಿದ್ದ ಜಚಿಂತೊ ಫಾಕೆತ್ತಿ ಮುಂದಕ್ಕೆ ನುಗ್ಗಿ ಗೋಲು ಹೊಡೆಯುವುದಕ್ಕೂ ಹೆಸರಾಗಿದ್ದವರು. ತಮ್ಮನ್ನು ಅನುಕರಿಸಿದವರು ರಕ್ಷಣೆಯನ್ನು ಮಾತ್ರ ಕಲಿತರು, ಆಕ್ರಮಣವನ್ನು ಕಲಿಯಲಿಲ್ಲ ಎಂಬುದು ಎರೇರಾ ಅವರ ಅಳಲು. ಒಂದೇ ಕ್ರಿಯೆ ನಮ್ಮವರಲ್ಲಿ ಗುಣ, ಪರರಲ್ಲಿ ದೋಷ ಎಂದಾಗ ನಾವು ಆಟದ ಬಗ್ಗೆ ಏನನ್ನೂ ಹೇಳಿದಂತಾಗುವುದಿಲ್ಲ; ನಮ್ಮ ಪಕ್ಷಪಾತವನ್ನಷ್ಟೇ ಹೇಳಿಕೊಂಡಂತಾಗುತ್ತದೆ. ಅಂಗಡಿಯಲ್ಲಿ ಕೊಳ್ಳುವುದಕ್ಕೊಂದು, ಮಾರುವುದಕ್ಕೊಂದು ಎಂದು ಎರಡು ಬಗೆಯ ತೂಕದ ಕಲ್ಲುಗಳನ್ನು ಇಟ್ಟುಕೊಳ್ಳುವವನನ್ನು ಬೈಬಲಿನ ಜ್ಞಾನೋಕ್ತಿಗಳು ಎಷ್ಟು ಕಟುವಾಗಿ ಖಂಡಿಸುತ್ತವೆ ಎಂಬುದು ನಮ್ಮ ಕುಟುಂಬಗಳಿಗೆ ಗೊತ್ತಿರುವ ಮಾತೇ.

ಹಾಗಾದರೆ ರಕ್ಷಣಾತ್ಮಕ ಆಟಕ್ಕೆ ಮಿತಿಯೇ ಇಲ್ಲವೇ? ಇದೆ. ಅದೇ ಅಕ್ವಿನಾಸರು ಆತ್ಮರಕ್ಷಣೆಯನ್ನು ಕುರಿತು ಹೇಳುವ ಮಾತು ಇಲ್ಲಿ ದಾರಿ ತೋರಿಸುತ್ತದೆ. ತನ್ನನ್ನು ಕಾಪಾಡಿಕೊಳ್ಳುವುದು ಪ್ರತಿಯೊಂದು ಜೀವಿಯ ಸಹಜಧರ್ಮ, ಅದು ನ್ಯಾಯಸಮ್ಮತ. ಆದರೆ ಅಗತ್ಯಕ್ಕಿಂತ ಹೆಚ್ಚಿನ ಬಲವನ್ನು ಪ್ರಯೋಗಿಸಿದರೆ ಅದೇ ಕ್ರಿಯೆ ಅನ್ಯಾಯವಾಗುತ್ತದೆ ಎಂಬುದು ಅವರ ವಾದ. ಪ್ರಾಣರಕ್ಷಣೆಗೆ ಹೇಳಿದ್ದನ್ನು ಗೋಲಿನ ರಕ್ಷಣೆಗೆ ಹೋಲಿಸುವುದು ಕೊಂಚ ಅತಿಶಯವೆನಿಸಬಹುದು. ಆದರೂ ವಿವೇಚನೆಯ ಕ್ರಮ ಒಂದೇ. ಚೆಂಡಿಗೆ ಅಡ್ಡ ನಿಲ್ಲುವುದು ರಕ್ಷಣೆ. ಆಟಗಾರನ ಮೊಣಕಾಲಿಗೆ ಗುರಿಯಿಡುವುದು ರಕ್ಷಣೆಯಲ್ಲ. ಬಲಿಷ್ಠನ ಎದುರು ಬಲಹೀನನು ತಾಳ್ಮೆಯಿಂದ ಹಿಂದೆ ನಿಲ್ಲುವುದು ಜಾಣ್ಮೆ. ಗಾಯದ ನಟನೆ ಮಾಡುತ್ತ ನೆಲದಲ್ಲಿ ಹೊರಳಿ ಹೊತ್ತು ಕಳೆಯುವುದು ಜಾಣ್ಮೆಯಲ್ಲ. ಮೊದಲನೆಯದು ಎದುರಾಳಿಗೆ ಒಂದು ಒಗಟನ್ನು ಒಡ್ಡುತ್ತದೆ, ಎರಡನೆಯದು ಆಟವನ್ನೇ ಅವನಿಂದ ಕಸಿದುಕೊಳ್ಳುತ್ತದೆ.

ನಿಯಮವೂ ನೀತಿಯೂ

ಇಲ್ಲಿಂದ ಕ್ರೀಡಾಮನೋಭಾವದ ಪ್ರಶ್ನೆ ಹುಟ್ಟುತ್ತದೆ. ಲಿಸ್ಬನ್ನಿನ ವೀರರೇ ಅದೇ ವರ್ಷದ ನವೆಂಬರಿನಲ್ಲಿ ದಕ್ಷಿಣ ಅಮೆರಿಕದ ಚಾಂಪಿಯನ್ನರಾದ ಅರ್ಜೆಂಟೀನಾದ ರೇಸಿಂಗ್ ತಂಡದ ವಿರುದ್ಧ ಆಡಿದ ಪಂದ್ಯಗಳು ಫುಟ್‌ಬಾಲ್ ಚರಿತ್ರೆಯ ಕಳಂಕಿತ ಪುಟಗಳು. ಬ್ಯೂನಸ್ ಐರಿಸ್‌ನಲ್ಲಿ ಪಂದ್ಯ ಆರಂಭವಾಗುವ ಮೊದಲೇ ಪ್ರೇಕ್ಷಕರ ಕಡೆಯಿಂದ ತೂರಿಬಂದ ವಸ್ತುವೊಂದು ಸೆಲ್ಟಿಕ್ ಗೋಲ್‌ಕೀಪರ್ ರೋನಿ ಸಿಂಪ್ಸನ್ ಅವರ ತಲೆಗೆ ಬಡಿದು, ಅವರು ಆಡದಂತಾಯಿತು. ಮಾಂಟೆವಿಡಿಯೊದಲ್ಲಿ ನಡೆದ ನಿರ್ಣಾಯಕ ಪಂದ್ಯದಲ್ಲಿ ಉಭಯ ತಂಡಗಳ ಆರು ಮಂದಿಗೆ ಮೈದಾನದಿಂದ ಹೊರನಡೆಯುವಂತೆ ರೆಫರಿ ಆಜ್ಞಾಪಿಸಿದರು. ಅವರಲ್ಲಿ ಹೆಚ್ಚಿನವರು ಸೆಲ್ಟಿಕ್‌ನವರು. ತಾವು ಪ್ರಚೋದನೆಗೊಳಗಾದೆವೆಂಬುದು ಅವರ ಸಮರ್ಥನೆ, ಅದು ಸುಳ್ಳೂ ಅಲ್ಲ. ಆದರೂ ಸೆಲ್ಟಿಕ್ ಆಡಳಿತ ಮಂಡಲಿ ತನ್ನ ಆಟಗಾರರಿಗೆ ತಲಾ 250 ಪೌಂಡುಗಳ ದಂಡ ವಿಧಿಸಿತು. ಯೂರೋಪಿನ ಕಿರೀಟ ತಂದುಕೊಟ್ಟವರೆಂದು ರಿಯಾಯಿತಿ ತೋರಲಿಲ್ಲ. ತನ್ನವರನ್ನು ಪರರ ತಕ್ಕಡಿಯಲ್ಲೇ ತೂಗುವುದೆಂದರೆ ಇದು.

ನಮ್ಮ ನಾಡಿನಲ್ಲೇ ನಡೆದ ಒಂದು ಪ್ರಕರಣವನ್ನು ವಾಚಕರು ಮರೆತಿರಲಾರರು. 2023ರ ಮಾರ್ಚ್ 3ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ತಂಡಗಳ ನಡುವೆ ಇಂಡಿಯನ್ ಸೂಪರ್ ಲೀಗ್‌ನ ನಾಕೌಟ್ ಪಂದ್ಯ. ಗೋಲಿಲ್ಲದೆ ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಯಿತು. ಬೆಂಗಳೂರಿಗೆ ಫ್ರೀ ಕಿಕ್ ದೊರೆಯಿತು. ಕೇರಳದವರು ಇನ್ನೂ ಗೋಡೆ ಕಟ್ಟುವ ಸಿದ್ಧತೆಯಲ್ಲಿದ್ದಾಗಲೇ ಸುನಿಲ್ ಛೇತ್ರಿ ತಡಮಾಡದೆ ಚೆಂಡನ್ನು ಬಲೆಗೆ ಕಳುಹಿಸಿದರು. ರೆಫರಿ ಗೋಲೆಂದು ಸಾರಿದರು. ಕೇರಳ ತಂಡ ಪ್ರತಿಭಟಿಸಿ, ತರಬೇತುದಾರ ಇವಾನ್ ವುಕೊಮಾನೊವಿಚ್ ಅವರ ಕರೆಯ ಮೇರೆಗೆ ಮೈದಾನವನ್ನೇ ತೊರೆಯಿತು. ಪಂದ್ಯ ಬೆಂಗಳೂರಿನ ಪಾಲಾಯಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಕೇರಳ ತಂಡಕ್ಕೆ 4 ಕೋಟಿ ರೂಪಾಯಿ ದಂಡವನ್ನೂ ತರಬೇತುದಾರರಿಗೆ 10 ಪಂದ್ಯಗಳ ನಿಷೇಧವನ್ನೂ ವಿಧಿಸಿತು.

ರೆಫರಿ ತಡೆದು ಸೀಟಿಗಾಗಿ ಕಾಯಲು ಹೇಳದಿದ್ದರೆ ಫ್ರೀ ಕಿಕ್ಕನ್ನು ತಕ್ಷಣ ಹೊಡೆಯುವ ಹಕ್ಕು ಆಟಗಾರನಿಗಿದೆ. ಆ ಹಕ್ಕು ಇರುವುದೂ ಅರ್ಥಪೂರ್ಣವೇ; ಇಲ್ಲದಿದ್ದರೆ ತಪ್ಪು ಮಾಡಿದ ತಂಡವೇ ಆಟ ನಿಂತದ್ದರಿಂದ ಲಾಭ ಪಡೆಯುವಂತಾಗುತ್ತದೆ. ರೆಫರಿ ತಡೆದಿದ್ದರೇ ಇಲ್ಲವೇ ಎಂಬುದೇ ಅಂದಿನ ವಿವಾದದ ತಿರುಳು. ಬೆಂಗಳೂರಿನ ಅಭಿಮಾನಿಗಳು ಅದನ್ನು ಚುರುಕುಬುದ್ಧಿ ಎಂದರು, ಕೇರಳದ ಅಭಿಮಾನಿಗಳು ವಂಚನೆ ಎಂದರು. ಮೈದಾನವನ್ನು ತೊರೆದದ್ದು ಸರಿಯಲ್ಲವೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ತೀರ್ಪುಗಾರನನ್ನು ಒಪ್ಪಿಕೊಂಡು ಆಡಲು ಇಳಿದವನು ಸೋಲುವಾಗಲೂ ಆ ಒಪ್ಪಂದವನ್ನು ಉಳಿಸಿಕೊಳ್ಳಬೇಕು. ಆದರೆ ಬೆಂಗಳೂರಿನ ಅಭಿಮಾನಿಗಳಿಗೂ ಒಂದು ಪ್ರಶ್ನೆ ಇದೆ. ಅದೇ ಗೋಲನ್ನು ಅದೇ ರೀತಿಯಲ್ಲಿ ಕೊಚ್ಚಿಯಲ್ಲಿ ನಮ್ಮ ವಿರುದ್ಧ ಹೊಡೆದಿದ್ದರೆ ನಾವು ಅದನ್ನು ಚುರುಕುಬುದ್ಧಿ ಎನ್ನುತ್ತಿದ್ದೆವೇ? ಹೌದೆಂದು ಹೃದಯಪೂರ್ವಕವಾಗಿ ಹೇಳಬಲ್ಲವನ ಅಭಿಪ್ರಾಯಕ್ಕೆ ಮಾತ್ರ ಬೆಲೆಯಿದೆ.

ಅಭಿಮಾನಿಗಳ ನಡತೆಗೂ ಒಂದು ಒಳ್ಳೆಯ ನಿದರ್ಶನ ಕೊಡಬೇಕು. 2003ರ ಮೇ 21ರಂದು ಸ್ಪೇನಿನ ಸೆವಿಲ್‌ನಲ್ಲಿ ಯುಇಎಫ್‌ಎ ಕಪ್‌ನ ಅಂತಿಮ ಪಂದ್ಯಕ್ಕೆ ಸುಮಾರು 80 ಸಾವಿರ ಸೆಲ್ಟಿಕ್ ಅಭಿಮಾನಿಗಳು ಪ್ರಯಾಣ ಮಾಡಿದರು; ಅವರಲ್ಲಿ ಬಹುಮಂದಿಗೆ ಟಿಕೆಟ್ ಇರಲಿಲ್ಲ. ಹೆನ್ರಿಕ್ ಲಾರ್ಸನ್ ಎರಡು ಗೋಲು ಹೊಡೆದರೂ ಜೋಸೆ ಮೊರಿನ್ಯೊ ಅವರ ಪೋರ್ಟೊ ತಂಡ ಹೆಚ್ಚುವರಿ ಸಮಯದಲ್ಲಿ 3-2ರಿಂದ ಗೆದ್ದಿತು. ಪೋರ್ಟೊ ಆಟಗಾರರು ಬಿದ್ದು ಹೊರಳಿ ಹೊತ್ತು ಕಳೆದರೆಂಬ ಅಸಮಾಧಾನ ಸೆಲ್ಟಿಕ್ ಪಾಳಯದಲ್ಲಿ ಬಲವಾಗಿತ್ತು. ಅಷ್ಟು ಜನ, ಅಷ್ಟು ನಿರಾಶೆ. ಆದರೂ ನಗರದಲ್ಲಿ ಗಲಭೆಯಾಗಲಿಲ್ಲ. ಆ ವರ್ಷದ ಫಿಫಾ ಫೇರ್ ಪ್ಲೇ ಪ್ರಶಸ್ತಿ ಸೆಲ್ಟಿಕ್ ಅಭಿಮಾನಿಗಳಿಗೆ ಸಂದಿತು. ಅನ್ಯಾಯವಾಯಿತೆಂದು ನಂಬಿಯೂ ದ್ವೇಷಿಸದೆ ಮನೆಗೆ ಹಿಂದಿರುಗುವುದು ಸಾಧ್ಯವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಎದುರಾಳಿ ಎಂದರೆ ಯಾರು?

ದೂರದ ಪೋರ್ಟೊವನ್ನು ಕ್ಷಮಿಸುವುದು ಒಂದು ಮಾತು. ಪಕ್ಕದ ಬೀದಿಯ ರೇಂಜರ್ಸನ್ನು ಸಹಿಸುವುದು ಬೇರೆಯೇ ಮಾತು. ಎಲ್ಲಕ್ಕಿಂತ ಕಠಿಣವಾದ ಪರೀಕ್ಷೆ ನಡೆದದ್ದು ಅಲ್ಲಿಯೇ. 1931ರ ಸೆಪ್ಟೆಂಬರ್ 5ರಂದು ರೇಂಜರ್ಸ್ ತಂಡದ ಐಬ್ರಾಕ್ಸ್ ಮೈದಾನದಲ್ಲಿ ಸೆಲ್ಟಿಕ್ ಗೋಲ್‌ಕೀಪರ್ ಜಾನ್ ಥಾಮ್ಸನ್ ಚೆಂಡನ್ನು ಹಿಡಿಯಲು ರೇಂಜರ್ಸ್‌ನ ಸ್ಯಾಮ್ ಇಂಗ್ಲಿಷ್ ಅವರ ಕಾಲುಗಳತ್ತ ಜಿಗಿದರು. ಅವರ ತಲೆ ಇಂಗ್ಲಿಷರ ಮೊಣಕಾಲಿಗೆ ಅಪ್ಪಳಿಸಿತು. ಅಂದು ರಾತ್ರಿಯೇ ಅವರು ಕೊನೆಯುಸಿರೆಳೆದರು, ವಯಸ್ಸು 22. ಕಥೋಲಿಕರ ತಂಡವೆನಿಸಿಕೊಂಡ ಸೆಲ್ಟಿಕ್‌ನ ಈ ಗೋಲ್‌ಕೀಪರ್ ಸ್ವತಃ ಪ್ರೊಟೆಸ್ಟೆಂಟರು. ಅವರು ನೆಲದಲ್ಲಿ ಬಿದ್ದಿದ್ದಾಗ ರೇಂಜರ್ಸ್ ಅಭಿಮಾನಿಗಳ ಒಂದು ಭಾಗ ಕೇಕೆ ಹಾಕಿತು. ರೇಂಜರ್ಸ್ ನಾಯಕ ಡೇವಿ ಮೈಕಲ್‌ಜಾನ್ ತಮ್ಮದೇ ಜನರತ್ತ ನಡೆದು, ಕೈಯೆತ್ತಿ, ಅವರನ್ನು ಮೌನಗೊಳಿಸಿದರು. ಆ ಎತ್ತಿದ ಕೈ ನಮ್ಮ ದೃಷ್ಟಿಯಲ್ಲಿ ಆ ಪೈಪೋಟಿಯ ಅತ್ಯುತ್ತಮ ಕ್ಷಣ.

ಥಾಮ್ಸನ್ ಅವರ ಅಂತ್ಯಕ್ರಿಯೆಗೆ ಅವರ ಗಣಿಗಾರಿಕೆಯ ಊರಿನಲ್ಲಿ ಸುಮಾರು 30 ಸಾವಿರ ಜನ ನೆರೆದರು. ಗ್ಲ್ಯಾಸ್ಗೋದಿಂದ ಕಾಲ್ನಡಿಗೆಯಲ್ಲೇ ಹೋದವರೂ ಇದ್ದರು. ಆದರೆ ಈ ಕಥೆಯ ಇನ್ನೊಬ್ಬನನ್ನು ಅಭಿಮಾನಿಗಳು ಮರೆಯುವುದುಂಟು. ಸ್ಯಾಮ್ ಇಂಗ್ಲಿಷರದು ಯಾವ ತಪ್ಪೂ ಇರಲಿಲ್ಲವೆಂದು ತನಿಖೆ ಸ್ಪಷ್ಟಪಡಿಸಿತು. ಆ ಋತುವಿನ ಲೀಗ್‌ನಲ್ಲಿ ಅವರು 44 ಗೋಲು ಹೊಡೆದರು, ರೇಂಜರ್ಸ್ ಸಂಘದ ದಾಖಲೆ ಅದು. ಆದರೂ ಹೋದಲ್ಲೆಲ್ಲ ಪ್ರೇಕ್ಷಕರು ಅವರನ್ನು ಕೊಲೆಗಾರನೆಂಬಂತೆ ಹಂಗಿಸಿದರು. ಅವರು 1932ರಲ್ಲಿ ಇಂಗ್ಲೆಂಡಿಗೆ ಹೋದರು. ಹಂಗಿಸುವ ಮಾತು ಅಲ್ಲಿಗೂ ಹಿಂಬಾಲಿಸಿತು. 1938ರಲ್ಲಿ ಅವರು ಆಟವನ್ನೇ ಬಿಟ್ಟರು. ಒಂದು ಮೈದಾನದಲ್ಲಿ ಇಬ್ಬರು ತರುಣರ ಬಾಳು ಮುಗಿಯಿತು. ಮೊದಲನೆಯದು ಅಪಘಾತ. ಎರಡನೆಯದು ಮಾತ್ರ ಅಭಿಮಾನಿಗಳ ಬಾಯಿಂದಲೇ ನಡೆದದ್ದು.

1971ರ ಜನವರಿ 2ರಂದು ಅದೇ ಐಬ್ರಾಕ್ಸ್‌ನಲ್ಲಿ ಇವೆರಡೇ ತಂಡಗಳ ಪಂದ್ಯ ಮುಗಿದು ಜನ ಹೊರಹೋಗುವಾಗ ಮೆಟ್ಟಿಲುಗಳ ಮೇಲೆ ಉಂಟಾದ ನೂಕುನುಗ್ಗಲಿನಲ್ಲಿ 66 ಮಂದಿ ಸತ್ತರು. ಸೆಲ್ಟಿಕ್‌ನ ಮ್ಯಾನೇಜರ್ ಜಾಕ್ ಸ್ಟೀನ್ ಗಾಯಾಳುಗಳ ಆರೈಕೆಗೆ ಕೈಜೋಡಿಸಿದರು. ಆ ದುರಂತವಾದರೂ ಈ ಪೈಪೋಟಿಯ ಧರ್ಮದ್ವೇಷವನ್ನು ತಗ್ಗಿಸಲಿ ಎಂಬುದು ಅವರ ಆಶಯವಾಗಿತ್ತು. ಅದೇ ತಿಂಗಳ 27ರಂದು ರೇಂಜರ್ಸ್ ಮತ್ತು ಸೆಲ್ಟಿಕ್ ಆಟಗಾರರು ಒಂದೇ ತಂಡವಾಗಿ ಸ್ಕಾಟ್‌ಲೆಂಡ್ ತಂಡದ ವಿರುದ್ಧ ಹ್ಯಾಂಪ್‌ಡನ್ ಮೈದಾನದಲ್ಲಿ ಆಡಿ, ಮೃತರ ಕುಟುಂಬಗಳಿಗಾಗಿ ಹಣ ಸಂಗ್ರಹಿಸಿದರು. 80 ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು.

ಈ ಸ್ಟೀನ್ ಅವರು ಹಿಂದೆ ಗಣಿ ಕಾರ್ಮಿಕರಾಗಿದ್ದವರು, ಪ್ರೊಟೆಸ್ಟೆಂಟ್ ಕುಟುಂಬದವರು. ಸೆಲ್ಟಿಕ್‌ಗೆ ಯೂರೋಪಿನ ಕಪ್ಪನ್ನು ತಂದುಕೊಟ್ಟವರು ಅವರೇ. ಬಾಗಿಲಿಗೆ ಅಗುಳಿ ಹಾಕದಿದ್ದುದರಿಂದ ಸೆಲ್ಟಿಕ್ ಗಳಿಸಿದ್ದು ಅಷ್ಟಿಷ್ಟಲ್ಲ. 1936ರಲ್ಲಿ ಕಲ್ಕತ್ತದಿಂದ ಹೋದ ಮೊಹಮ್ಮದ್ ಸಲೀಂ ಎಂಬ ಮುಸ್ಲಿಂ ತರುಣ ಬೂಟು ಧರಿಸದೆ, ಪಟ್ಟಿ ಸುತ್ತಿದ ಪಾದಗಳಿಂದ ಸೆಲ್ಟಿಕ್‌ನ ಎರಡನೆಯ ತಂಡಕ್ಕಾಗಿ ಎರಡು ಪಂದ್ಯಗಳನ್ನಾಡಿ ಗ್ಲ್ಯಾಸ್ಗೋ ಜನರನ್ನು ಬೆರಗುಗೊಳಿಸಿದ್ದೂ ಆ ತೆರೆದ ಬಾಗಿಲಿನಿಂದಲೇ. ರೇಂಜರ್ಸ್ ತಂಡದಲ್ಲಾದರೋ, ಕಥೋಲಿಕರನ್ನು ಸೇರಿಸಿಕೊಳ್ಳದ ಅಲಿಖಿತ ಪದ್ಧತಿ ದಶಕಗಳ ಕಾಲ ನಡೆದುಬಂತು. 1989ರಲ್ಲಿ ಮಾರಿಸ್ ಜಾನ್‌ಸ್ಟನ್ ಎಂಬ ಕಥೋಲಿಕ ಆಟಗಾರನನ್ನು ರೇಂಜರ್ಸ್ ಸೇರಿಸಿಕೊಂಡಾಗ ಆ ಗೋಡೆ ಬಿತ್ತು. ಅಂದು ರೇಂಜರ್ಸ್ ಅಭಿಮಾನಿಗಳಲ್ಲಿ ಕೆಲವರು ತಮ್ಮ ಶಾಲುಗಳನ್ನು ಸುಟ್ಟರು. ಹಿಂದೆ ತಮ್ಮ ತಂಡದಲ್ಲಿ ಆಡಿದ್ದವನೆಂದು ಸೆಲ್ಟಿಕ್ ಅಭಿಮಾನಿಗಳು ಅವನನ್ನು ದ್ರೋಹಿ ಎಂದರು. ಗೋಡೆ ಬೀಳುವುದನ್ನು ಎರಡೂ ಕಡೆಯವರು ಸುಲಭವಾಗಿ ಸಹಿಸಲಿಲ್ಲ. ದೂಷಣೆಗೆ ಒಳಗಾದ ಸಮುದಾಯವೂ ದೂಷಿಸುವುದನ್ನು ಕಲಿತುಬಿಡುತ್ತದೆ ಎಂಬುದು ಕಥೋಲಿಕ ವಾಚಕರಾದ ನಾವು ವಿಶೇಷವಾಗಿ ಗಮನಿಸಬೇಕಾದ ಅಂಶ.

ಈ ದ್ವೇಷ ಮೈದಾನದ ಬೇಲಿಯೊಳಗೆ ನಿಲ್ಲಲಿಲ್ಲ. 1995ರಲ್ಲಿ ಸೆಲ್ಟಿಕ್ ಪಂದ್ಯ ನೋಡಿ ಮನೆಗೆ ಹಿಂದಿರುಗುತ್ತಿದ್ದ ಬಾಲಕನೊಬ್ಬ ಬೀದಿಯಲ್ಲಿ ಕೊಲೆಯಾದ. ಆ ನೋವಿನಿಂದ 1999ರಲ್ಲಿ 'ನಿಲ್ ಬೈ ಮೌತ್' ಎಂಬ ಧರ್ಮದ್ವೇಷ ವಿರೋಧಿ ಸಂಸ್ಥೆ ಹುಟ್ಟಿತು. 2011ರಲ್ಲಿ ಸೆಲ್ಟಿಕ್ ಮ್ಯಾನೇಜರ್ ನೀಲ್ ಲೆನನ್ ಅವರ ಹೆಸರಿಗೆ ಅಂಚೆಯಲ್ಲಿ ಸ್ಫೋಟಕ ಬಂತು. ಮೈದಾನದ ನಿಂದೆಯ ಹಾಡುಗಳನ್ನು ತಡೆಯಲು ಸ್ಕಾಟ್‌ಲೆಂಡಿನ ಸಂಸತ್ತು 2012ರಲ್ಲಿ ಪ್ರತ್ಯೇಕ ಕಾನೂನನ್ನೇ ತಂದು, 2018ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ನಾಲಿಗೆಯನ್ನು ಕಾನೂನು ಎಷ್ಟರಮಟ್ಟಿಗೆ ಕಟ್ಟಬಲ್ಲದು ಎಂಬುದು ಅದರಿಂದ ತಿಳಿಯುತ್ತದೆ. ಇಂಥ ದುಃಖ ನಮ್ಮ ದೇಶಕ್ಕೂ ಅಪರಿಚಿತವಲ್ಲ: 1980ರ ಆಗಸ್ಟ್ 16ರಂದು ಕಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಗಾನ್ ಮತ್ತು ಈಸ್ಟ್ ಬೆಂಗಾಲ್ ಪಂದ್ಯದ ವೇಳೆ ಅಭಿಮಾನಿಗಳ ನಡುವೆ ಗಲಭೆಯಾಗಿ 16 ಮಂದಿ ಜೀವ ಕಳೆದುಕೊಂಡರು.

ಎದುರಾಳಿ ಎಂಬ ಶಬ್ದವನ್ನೇ ಒಮ್ಮೆ ಗಮನಿಸೋಣ. ಎದುರಿಗೆ ನಿಂತು ಆಡುವ ಆಳು ಅವನು. ಅವನಿಲ್ಲದೆ ಆಟವಿಲ್ಲ, ಅವನು ಬಲಿಷ್ಠನಾಗಿರುವಷ್ಟೂ ನಮ್ಮ ಗೆಲುವಿಗೆ ಅರ್ಥವಿದೆ. ಇಂಟರ್ ತಂಡದ ಅಗುಳಿ ಅಷ್ಟು ಗಟ್ಟಿಯಾಗಿರದಿದ್ದರೆ ಲಿಸ್ಬನ್ನಿನ ಗೆಲುವನ್ನು ಇಂದು ಯಾರು ನೆನೆಯುತ್ತಿದ್ದರು? ಹೀಗೆ ನೋಡಿದಾಗ ಎದುರಾಳಿ ನಮ್ಮ ಆಟದ ಪಾಲುದಾರ, ಶತ್ರು ಅಲ್ಲ. ಪೋಲೆಂಡಿನ ವದೋವಿತ್ಸೆ ಎಂಬ ಪುಟ್ಟ ಊರಿನಲ್ಲಿ ಕರೋಲ್ ವೊಯ್ತಿವಾ ಎಂಬ ಕಥೋಲಿಕ ಬಾಲಕ ಗೋಲ್‌ಕೀಪರ್ ಆಗಿದ್ದ. ಅಲ್ಲಿ ಕಥೋಲಿಕ ಹುಡುಗರದೊಂದು, ಯಹೂದಿ ಹುಡುಗರದೊಂದು ತಂಡ. ಯಹೂದಿ ತಂಡಕ್ಕೆ ಗೋಲ್‌ಕೀಪರ್ ಇಲ್ಲದಾಗ ಅವನು ಅವರ ಗೋಲನ್ನು ಕಾಯುತ್ತಿದ್ದ, ತನ್ನವರು ಹೊಡೆದ ಚೆಂಡನ್ನೇ ತಡೆಯುತ್ತಿದ್ದ. ಮುಂದೆ ಅವನೇ ಜಗದ್ಗುರು ಎರಡನೆಯ ಜಾನ್ ಪಾಲ್ ಆದ. ಎದುರಾಳಿಯ ಗೋಲಿನಲ್ಲಿ ನಿಂತು ಆಟವನ್ನು ನೋಡಿದವನಿಗೆ ಎರಡು ತಕ್ಕಡಿ ಇಟ್ಟುಕೊಳ್ಳಲು ಮನಸ್ಸು ಬಾರದು.

ನಮ್ಮ ಕುಟುಂಬಗಳಲ್ಲಿ ಇದನ್ನು ಅಭ್ಯಾಸ ಮಾಡುವುದು ಕಷ್ಟವೇನಲ್ಲ. ಮಕ್ಕಳೊಡನೆ ಕುಳಿತು ಪಂದ್ಯ ನೋಡುವಾಗ ಹಿರಿಯರು ಎದುರಾಳಿಯ ಒಳ್ಳೆಯ ಆಟಕ್ಕೂ ಬಾಯಿಬಿಟ್ಟು ಶಹಬಾಸ್ ಹೇಳಲಿ, ಮಕ್ಕಳು ಕೇಳಿಸಿಕೊಳ್ಳುತ್ತಾರೆ. ನಮ್ಮ ಆಟಗಾರ ನಟನೆ ಮಾಡಿ ಪೆನಾಲ್ಟಿ ಪಡೆದರೆ ಅದು ನಟನೆಯೆಂದೇ ಹೇಳಲಿ, ಮಕ್ಕಳು ಅದನ್ನೂ ಗಮನಿಸುತ್ತಾರೆ. ಧರ್ಮಕೇಂದ್ರಗಳ ಯುವಕ ಸಂಘಗಳು ಏರ್ಪಡಿಸುವ ಪಂದ್ಯಾವಳಿಗಳಲ್ಲಿ ಪಾರಿತೋಷಕ ವಿತರಣೆಯಾದೊಡನೆ ಸೋತ ತಂಡ ಮುಖ ಬಾಡಿಸಿಕೊಂಡು ಬಸ್ಸು ಹತ್ತುವುದು ಸಾಮಾನ್ಯ ದೃಶ್ಯ. 1888ರಲ್ಲಿ ಸಂತ ಮರಿಯಳ ಸಭಾಂಗಣದಲ್ಲಿ ನಡೆದಂತೆ ಎರಡೂ ತಂಡಗಳಿಗೆ ಒಂದೇ ಪಂಕ್ತಿಯಲ್ಲಿ ಊಟ ಬಡಿಸುವ ಏರ್ಪಾಡನ್ನು ಸಂಘಟಕರು ಮಾಡಬಹುದಲ್ಲವೇ? ಖರ್ಚು ಹೆಚ್ಚಾಗದು. ಅನ್ಯ ಧರ್ಮದ, ಅನ್ಯ ಊರಿನ ತಂಡಗಳನ್ನು ಆಹ್ವಾನಿಸಿದಾಗಲಂತೂ ಈ ಊಟವನ್ನು ತಪ್ಪಿಸಲೇಬಾರದು. ಮುಂದಿನ ಪಂದ್ಯಾವಳಿಯ ಆಮಂತ್ರಣ ಪತ್ರಿಕೆ ಅಚ್ಚಾಗುವ ಮೊದಲೇ ಈ ವಿಷಯವನ್ನು ತಮ್ಮ ಧರ್ಮಕೇಂದ್ರದ ಸಭೆಯಲ್ಲಿ ಪ್ರಸ್ತಾಪಿಸಬೇಕೆಂದು ವಾಚಕರಲ್ಲಿ ನಮ್ಮ ವಿನಂತಿ.